ಒಂದೇ ಭೂತಬಂಗಲೆ, ಮೂರು ದೇಶ: ಅನಾಹೈಮ್, ಪ್ಯಾರಿಸ್, ಹಾಂಗ್‌ಕಾಂಗ್

ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೆ ಹೋದವರಿಗೆ ಅಲ್ಲಿನ ಆಟದ ಬಯಲು ಚೆನ್ನಾಗಿ ಗೊತ್ತಿರುತ್ತದೆ. ದನಗಳ ಜಾತ್ರೆಯನ್ನು ಸುತ್ತಿ, ವಸ್ತುಪ್ರದರ್ಶನದ ಮಳಿಗೆಗಳನ್ನು ನೋಡಿಕೊಂಡು, ಕಡಲೆಪುರಿಯ ಪೊಟ್ಟಣ ಹಿಡಿದು ಜೈಂಟ್ ವೀಲ್ ಕಾಣುವ ದಿಕ್ಕಿಗೆ ನಡೆಯುವುದು ತುಮಕೂರಿನ ಎಷ್ಟೋ ಮನೆಗಳಲ್ಲಿ ವರ್ಷಕ್ಕೊಮ್ಮೆ ತಪ್ಪದ ಪದ್ಧತಿ. ಇಂಥ ಬಯಲುಗಳಲ್ಲಿ ಒಮ್ಮೊಮ್ಮೆ ತಗಡಿನ ಗೋಡೆಗೆ ಕಪ್ಪು ಬಟ್ಟೆ ಹೊದಿಸಿದ ಭೂತಬಂಗಲೆಯೂ ಇರುತ್ತದೆ. ಒಳಗೆ ಕತ್ತಲೆ, ಮುಖಕ್ಕೆ ತಗುಲುವ ಒದ್ದೆ ದಾರ, ಟೇಪಿನಲ್ಲಿ ಕೂಗುವ ಹೆಣ್ಣುದನಿ, ಕೊನೆಯ ತಿರುವಿನಲ್ಲಿ ಕರಡಿಯದೋ ರಾಕ್ಷಸನದೋ ವೇಷ ತೊಟ್ಟು ಬೆವರುತ್ತಾ ನಿಂತ ಒಬ್ಬ ಹುಡುಗ. ನಾನು ಮೊದಲು ಕಂಡ ಭೂತಬಂಗಲೆ ಅಂಥದ್ದು. ಮುಂದೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾ ಮೂರು ದಶಕ ಕಳೆದ ಮೇಲೂ ಕತ್ತಲೆಯಲ್ಲಿ ಮನುಷ್ಯರನ್ನು ಬೆರಗುಗೊಳಿಸುವ ಈ ಕಸುಬಿನ ಮೇಲಿನ ನನ್ನ ಆಸಕ್ತಿ ಕಡಿಮೆಯಾಗಲಿಲ್ಲ.

ಈಗ ನಮ್ಮ ಊರಿನಿಂದಲೂ ಹಾಂಗ್‌ಕಾಂಗ್, ಯೂರೋಪ್ ಎಂದು ಪ್ಯಾಕೇಜ್ ಪ್ರವಾಸ ಹೊರಡುವ ಕುಟುಂಬಗಳು ಕಡಿಮೆಯಿಲ್ಲ. ಮಕ್ಕಳು ಅಮೆರಿಕದಲ್ಲಿ ನೆಲೆಸಿರುವುದರಿಂದ ಬಾಣಂತನಕ್ಕೋ ಬೇಸಿಗೆ ರಜೆಗೋ ಅಲ್ಲಿಗೆ ಹೋಗಿ ಬರುವ ಅಜ್ಜ-ಅಜ್ಜಿಯರೂ ಅನೇಕರಿದ್ದಾರೆ. ಇವರಲ್ಲಿ ಹೆಚ್ಚಿನವರು ಎಲ್ಲಾದರೂ ಒಂದು ಡಿಸ್ನಿ ಉದ್ಯಾನಕ್ಕೆ ಕಾಲಿಟ್ಟೇ ಇಡುತ್ತಾರೆ. ಅಲ್ಲಿನ ಭೂತಬಂಗಲೆಯನ್ನು ಮಾತ್ರ ಮಕ್ಕಳ ಆಟವೆಂದೋ, ದೆವ್ವದ ಸಹವಾಸ ಬೇಡವೆಂದೋ ಬಿಟ್ಟು ಬರುತ್ತಾರೆ. ನಾನು 2016ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ, 2019ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ, 2022ರಲ್ಲಿ ಮಗಳ ಮನೆಗೆ ಹೋದಾಗ ಕ್ಯಾಲಿಫೋರ್ನಿಯದ ಅನಾಹೈಮ್‌ನಲ್ಲಿ, ಹೀಗೆ ಒಂದೇ ಕಲ್ಪನೆಯಿಂದ ಹುಟ್ಟಿದ ಮೂರು ಬಂಗಲೆಗಳನ್ನು ಹೊಕ್ಕು ಬಂದಿದ್ದೇನೆ. ಹುಟ್ಟಿದ ಕ್ರಮಕ್ಕೆ ತಲೆಕೆಳಗಾಗಿ ನೋಡಿದ್ದರಿಂದ, ಮೂಲವನ್ನು ಕೊನೆಯಲ್ಲಿ ಕಂಡಾಗಲೇ ಉಳಿದೆರಡು ಎಲ್ಲಿ ಕವಲೊಡೆದವು ಎಂಬುದು ನನಗೆ ಸ್ಪಷ್ಟವಾಯಿತು. ಆದ್ದರಿಂದ ಬರೆಯುವಾಗ ಮೂಲದಿಂದಲೇ ಆರಂಭಿಸುತ್ತೇನೆ.

ಅನಾಹೈಮ್‌ನ ಡಿಸ್ನಿಲ್ಯಾಂಡಿನಲ್ಲಿರುವ ಹಾಂಟೆಡ್ ಮ್ಯಾನ್ಶನ್ 1969ರ ಆಗಸ್ಟ್ 9ರಂದು ಬಾಗಿಲು ತೆರೆಯಿತು. ಮನೆಯ ಹೊರಭಾಗ 1963ರಲ್ಲೇ ಸಿದ್ಧವಾಗಿತ್ತು. ಒಳಗೆ ಏನಿರಬೇಕು ಎಂಬುದು ತೀರ್ಮಾನವಾಗದೆ ಆರು ವರ್ಷ ಅದು ಬೀಗ ಹಾಕಿಕೊಂಡೇ ನಿಂತಿತ್ತು. ಆ ಅವಧಿಯಲ್ಲಿ ಗೇಟಿನ ಬಳಿ ಒಂದು ಫಲಕವಿತ್ತು: ಒಂಟಿಯಾಗಿ ವಾಸಿಸಲು ಅಂಜುವ ದೆವ್ವಗಳು ಇಲ್ಲಿಗೆ ಬಂದು ನೆಲೆಸಬಹುದು ಎಂಬುದು ಅದರ ಸಾರಾಂಶ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಮನೆಯ ಬಾಗಿಲ ಮೇಲೂ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಹಿಂದಿರುಗಲಿ, ಮರುದಿನ ಬಂದರೂ ಅದೇ ಬರಹ ಓದಿ ಮತ್ತೆ ಹಿಂದಿರುಗಲಿ ಎಂಬುದು ನಂಬಿಕೆ. ಇಲ್ಲಿ ನಾಳೆ ಬಾ ಎಂದು ಸಾಗಹಾಕುವ ದೆವ್ವವನ್ನು ಅಲ್ಲಿ ಕರೆದು ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಳಗೆ ಹೋದರೆ ಆ ರೈಡ್ ಪೂರ್ತಿಯಾಗಿ ಅರ್ಥವಾಗುತ್ತದೆ. ಅಲ್ಲಿ ಭೂತಗಳದ್ದೇ ಮನೆ, ನಾವು ಅತಿಥಿಗಳು.

ಬಾಗಿಲು ದಾಟಿದ ಕೂಡಲೇ ಎಂಟು ಮೂಲೆಯ ಒಂದು ಕೋಣೆಯಲ್ಲಿ ಜನರನ್ನು ನಿಲ್ಲಿಸುತ್ತಾರೆ. ಗೋಡೆಯ ಮೇಲಿನ ಗಂಭೀರವಾದ ಭಾವಚಿತ್ರಗಳು ನೋಡುತ್ತಿದ್ದಂತೆಯೇ ಕೆಳಗೆ ಕೆಳಗೆ ಉದ್ದವಾಗುತ್ತಾ ಹೋಗುತ್ತವೆ. ಕೊಡೆ ಹಿಡಿದು ನಗುತ್ತಿರುವ ಹುಡುಗಿ ಮೊಸಳೆಯ ಬಾಯಿಯ ಮೇಲೆ ಕಟ್ಟಿದ ಹಗ್ಗದ ಮೇಲೆ ನಿಂತಿದ್ದಾಳೆ ಎಂಬುದು ಚಿತ್ರ ಪೂರ್ತಿ ಬಿಚ್ಚಿಕೊಂಡ ಮೇಲಷ್ಟೇ ಗೊತ್ತಾಗುತ್ತದೆ. ಇದು ಬರೀ ಚಮತ್ಕಾರಕ್ಕಾಗಿ ಮಾಡಿದ್ದಲ್ಲ. ಉದ್ಯಾನದ ಸುತ್ತ ಮಣ್ಣಿನ ಏರಿ ಹಾಕಿ ಅದರ ಮೇಲೆ ರೈಲು ಹಳಿ ಹಾಯಿಸಿದ್ದಾರೆ. ರೈಡ್ ನಡೆಯುವ ದೊಡ್ಡ ಕಟ್ಟಡ ಆ ಹಳಿಯ ಆಚೆಗಿದೆ. ಜನರನ್ನು ಹಳಿಯ ಕೆಳಗಿನಿಂದ ಆಚೆಗೆ ದಾಟಿಸಬೇಕಾದರೆ ಮೊದಲು ನೆಲದಡಿಗೆ ಇಳಿಸಬೇಕು. ಆದ್ದರಿಂದ ಕೋಣೆಯ ನೆಲವೇ ಲಿಫ್ಟ್ ಆಗಿ ನಿಧಾನವಾಗಿ ಇಳಿಯುತ್ತದೆ, ಗೋಡೆ ಬೆಳೆದಂತೆ ಕಾಣುತ್ತದೆ. ಇಕ್ಕಟ್ಟನ್ನೇ ಇಡೀ ರೈಡಿನ ಹೆಸರುವಾಸಿ ದೃಶ್ಯವಾಗಿ ಮಾರ್ಪಡಿಸಿದ ಈ ಜಾಣ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ. ಫ್ಲಾರಿಡದಲ್ಲಿ 1971ರ ಅಕ್ಟೋಬರ್ 1ರಂದು ಇದರ ಎರಡನೆಯ ರೂಪ ಆರಂಭವಾದಾಗ ಅಲ್ಲಿ ಇಳಿಸುವ ಅಗತ್ಯವಿರಲಿಲ್ಲ. ಆದರೂ ಆ ದೃಶ್ಯವನ್ನು ಬಿಡಲು ಮನಸ್ಸಾಗದೆ, ನೆಲದ ಬದಲು ಚಾವಣಿಯನ್ನು ಮೇಲೇರಿಸುವ ಏರ್ಪಾಡು ಮಾಡಿದರು.

ಅಲ್ಲಿಂದ ಮುಂದಿನ ಓಣಿಯಲ್ಲಿ ಎರಡು ಅಮೃತಶಿಲೆಯ ತಲೆಗಳಿವೆ. ನಾವು ನಡೆದಂತೆಲ್ಲ ಅವು ನಮ್ಮ ಕಡೆಗೇ ಮುಖ ತಿರುಗಿಸುತ್ತವೆ. ಮೊಮ್ಮಗಳು ನನ್ನ ಸೆರಗು ಹಿಡಿದು, ‘ಅಜ್ಜೀ, ಒಳಗೆ ಮೋಟಾರ್ ಇದೆಯಾ?’ ಎಂದು ಕೇಳಿದಳು. ಮೋಟಾರಿಲ್ಲ, ಏನೂ ತಿರುಗುವುದಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ದೇವರ ಬೆಳ್ಳಿ ಮುಖವಾಡವನ್ನು ವಿಭೂತಿ ಹಾಕಿ ಉಜ್ಜಿ ತೊಳೆಯುವವರು ಒಮ್ಮೆ ಅದನ್ನು ಬೋರಲು ತಿರುಗಿಸಿ, ಒಳಗಿನ ಹಳ್ಳದ ಭಾಗವನ್ನು ಒಂದು ಕಣ್ಣು ಮುಚ್ಚಿ ತುಸು ದೂರದಿಂದ ನೋಡಬೇಕು. ಮೂಗು ಒಳಗೆ ತಗ್ಗಾಗಿದ್ದರೂ ಹೊರಗೆ ಚಾಚಿದಂತೆಯೇ ಕಾಣುತ್ತದೆ. ತಲೆಯನ್ನು ಎಡಕ್ಕೆ ಸರಿಸಿದರೆ ಮುಖವೂ ಎಡಕ್ಕೆ ತಿರುಗಿದಂತೆ ಭಾಸವಾಗುತ್ತದೆ. ಮುಖವೆಂದರೆ ಉಬ್ಬಿಯೇ ಇರುತ್ತದೆ ಎಂದು ನಮ್ಮ ಮೆದುಳು ಮೊದಲೇ ನಿಶ್ಚಯಿಸಿಕೊಂಡಿರುವುದರಿಂದ ಹೀಗಾಗುತ್ತದೆ. ಅನಾಹೈಮ್‌ನ ಆ ತಲೆಗಳೂ ಗೋಡೆಯೊಳಕ್ಕೆ ಕೊರೆದ, ಹಿಂದಿನಿಂದ ಬೆಳಕು ಬೀಳುವ ಹಳ್ಳಗಳಷ್ಟೇ. ತುಮಕೂರಿಗೆ ಬಂದಾಗ ಮನೆದೇವರ ಮುಖವಾಡದಲ್ಲಿ ಇದನ್ನು ತೋರಿಸುತ್ತೇನೆ ಎಂದು ಅವಳಿಗೆ ಹೇಳಿದ್ದೆ, ತೋರಿಸಿಯೂ ಆಯಿತು.

ಓಣಿಯ ಕೊನೆಯಲ್ಲಿ ಡೂಮ್ ಬಗ್ಗಿ ಎಂದು ಕರೆಯುವ ಕಪ್ಪು ಗೂಡುಗಾಡಿಗಳು ಸಾಲಾಗಿ, ಎಲ್ಲಿಯೂ ನಿಲ್ಲದೆ ಬರುತ್ತಿರುತ್ತವೆ. ಮೊದಲ ಯೋಜನೆಯಲ್ಲಿ ಜನ ಜಾತ್ರೆಯ ಭೂತಬಂಗಲೆಯಂತೆ ನಡೆದುಕೊಂಡೇ ಹೋಗಬೇಕಿತ್ತು. ಆದರೆ ನಡೆಯುವವರು ನಿಂತು ನೋಡುತ್ತಾರೆ, ಹಿಂದಿನವರಿಗೆ ಅಡ್ಡವಾಗುತ್ತಾರೆ. ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹಾಗೆ ಸಾಗಿಸಲಾಗದು. ಸರಪಳಿಯಂತೆ ಸದಾ ಚಲಿಸುವ, ಬೇಕಾದ ಜಾಗದಲ್ಲಿ ತಾನೇ ಎಡಕ್ಕೋ ಬಲಕ್ಕೋ ಹಿಂದಕ್ಕೋ ಮುಖ ತಿರುಗಿಸುವ ಈ ಗಾಡಿಯ ವ್ಯವಸ್ಥೆಯನ್ನು 1967ರಲ್ಲಿ ಅದೇ ಉದ್ಯಾನದ ಬೇರೊಂದು ರೈಡಿಗೆ ಮೊದಲು ಬಳಸಿ, ಅನಂತರ ಇಲ್ಲಿಗೆ ತಂದರು. ಜನಸಂದಣಿಗೆ ಕಂಡುಕೊಂಡ ಪರಿಹಾರವಾದರೂ ಇದರಿಂದ ಕಥನಕ್ಕೆ ಆದ ಲಾಭ ಬಹಳ ದೊಡ್ಡದು. ಗಾಡಿಯ ಎತ್ತರದ ಬೆನ್ನು ಅಕ್ಕಪಕ್ಕವನ್ನು ಮುಚ್ಚಿಬಿಡುವುದರಿಂದ ನಾವು ಏನನ್ನು ನೋಡಬೇಕು, ಯಾವ ಕ್ಷಣದಲ್ಲಿ ನೋಡಬೇಕು ಎಂಬುದು ಪೂರ್ತಿಯಾಗಿ ಕಟ್ಟಿದವರ ಕೈಯಲ್ಲಿರುತ್ತದೆ. ನಾಟಕದಲ್ಲಿ ಪರದೆ ಮಾಡುವ ಕೆಲಸವನ್ನು ಇಲ್ಲಿ ಕುರ್ಚಿಯೇ ಮಾಡುತ್ತದೆ.

ವಾಲ್ಟ್ ಡಿಸ್ನಿ 1966ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಈ ಮನೆಯ ಒಳಭಾಗ ಹಲವರ ಕೈಗಳಲ್ಲಿ ರೂಪುಗೊಂಡಿತು. ಡಿಸ್ನಿ ಸಂಸ್ಥೆಯ ವಿನ್ಯಾಸಕರಲ್ಲಿ ದೃಶ್ಯಗಳಲ್ಲಿ ನಗು ಇರಬೇಕೆಂದು ಮಾರ್ಕ್ ಡೇವಿಸ್, ವಾತಾವರಣದಲ್ಲಿ ಭಯ ಇರಬೇಕೆಂದು ಕ್ಲಾಡ್ ಕೋಟ್ಸ್ ಬಯಸಿದರು. ಇಬ್ಬರ ಮಾತೂ ನಡೆಯಿತು. ಅದರಿಂದಾಗಿ ಮೊದಲರ್ಧದಲ್ಲಿ ಒಂದು ದೆವ್ವವೂ ಕಣ್ಣಿಗೆ ಬೀಳುವುದಿಲ್ಲ. ಕೊನೆಯೇ ಕಾಣದ ಓಣಿಯಲ್ಲಿ ತಾನಾಗಿ ತೇಲುವ ದೀಪದ ಕಂಬ, ಒಳಗಿನಿಂದ ಯಾರೋ ತಳ್ಳಿದಂತೆ ಉಬ್ಬಿ ಉಸಿರಾಡುವ ಬಾಗಿಲು, ಹದಿಮೂರು ಗಂಟೆ ತೋರಿಸುವ ಗಡಿಯಾರ, ಇಷ್ಟೇ. ಆಮೇಲೆ ಗಾಜಿನ ಗೋಳದೊಳಗೆ ಕೇವಲ ತಲೆಯಾಗಿ ಕಾಣಿಸುವ ಮೇಡಂ ಲಿಯೋಟಾ ಮಂತ್ರ ಹೇಳಿ ಕರೆದ ನಂತರವೇ ಅವು ಒಂದೊಂದಾಗಿ ಪ್ರತ್ಯಕ್ಷವಾಗುತ್ತವೆ. ಕೊನೆಯ ಸ್ಮಶಾನದಲ್ಲಂತೂ ಜಾತ್ರೆಯೇ ನೆರೆದಿರುತ್ತದೆ. ಬಡ್ಡಿ ಬೇಕರ್ ಅವರ ಒಂದೇ ರಾಗ ಆರಂಭದಲ್ಲಿ ಶವಯಾತ್ರೆಯ ಲಯದಲ್ಲಿ ಕೇಳಿಸಿ, ನಡುವೆ ನೃತ್ಯಕ್ಕೆ ಹೊಂದಿಕೊಂಡು, ಸ್ಮಶಾನದಲ್ಲಿ ಕುಣಿಯುವ ಹಾಡಾಗಿ ಮುಗಿಯುತ್ತದೆ. ಈ ಎರಡು ಅರ್ಧಗಳ ನಡುವೆ ಹೊಲಿಗೆ ಕಾಣುತ್ತದೆ ಎಂದು ದೂರುವವರಿದ್ದಾರೆ. ನನಗೆ ಆ ಹೊಲಿಗೆ ಇರುವುದೇ ಸರಿಯೆನಿಸಿತು. ಮೊದಲು ಕಾಯಿಸಿ ಅನಂತರ ತೋರಿಸುವುದು ನಮ್ಮ ಬಯಲಾಟಗಳಲ್ಲಿ ರಾಕ್ಷಸ ಪಾತ್ರದ ಪ್ರವೇಶಕ್ಕೆ ಮೊದಲು ಅಡ್ಡ ಹಿಡಿಯುವ ತೆರೆಗೂ ಗೊತ್ತಿರುವ ವಿದ್ಯೆ.

ಇಡೀ ರೈಡಿನಲ್ಲಿ ನನ್ನನ್ನು ಮೂಕಳನ್ನಾಗಿಸಿದ್ದು ನೃತ್ಯಶಾಲೆ. ನಮ್ಮ ಗಾಡಿ ಮಹಡಿಯ ಮೇಲೆ ಸಾಗುತ್ತದೆ. ಕೆಳಗೆ ವಿಶಾಲವಾದ ಹಜಾರ, ಉದ್ದನೆಯ ಊಟದ ಮೇಜು, ಅದರ ಸುತ್ತ ಪಾರದರ್ಶಕವಾದ ದೆವ್ವಗಳು. ಒಬ್ಬಾಕೆ ಹುಟ್ಟುಹಬ್ಬದ ಕೇಕಿನ ದೀಪಗಳನ್ನು ಊದಿದರೆ ಮೇಜಿನ ಸುತ್ತ ಕುಳಿತವರು ಮಾಯವಾಗಿ, ಮತ್ತೆ ಮೂಡುತ್ತಾರೆ. ಜೋಡಿಗಳು ಸುತ್ತುತ್ತಾ ನರ್ತಿಸುತ್ತವೆ, ಅವುಗಳ ಮೈಯ ಮೂಲಕ ಹಿಂದಿನ ಕುರ್ಚಿಗಳು ಕಾಣುತ್ತವೆ. ಇದರಲ್ಲಿ ಪರದೆಯಿಲ್ಲ, ಸಿನಿಮಾ ಇಲ್ಲ. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ 1862ರ ಡಿಸೆಂಬರ್ 24ರಂದು ಜಾನ್ ಹೆನ್ರಿ ಪೆಪ್ಪರ್ ತೋರಿಸಿದ, ಅದಕ್ಕೂ ಮೊದಲು ಹೆನ್ರಿ ಡರ್ಕ್ಸ್ ಕಲ್ಪಿಸಿದ್ದ ಗಾಜಿನ ತಂತ್ರ ಇದು. ನಮ್ಮ ಮತ್ತು ಹಜಾರದ ನಡುವೆ ಕಣ್ಣಿಗೆ ಕಾಣದಂತೆ ಬೃಹತ್ ಗಾಜಿನ ಹಾಳೆಗಳಿವೆ. ನಿಜವಾದ ಗೊಂಬೆಗಳು ನಮ್ಮ ಗಾಡಿಯ ಮೇಲೂ ಕೆಳಗೂ ಕತ್ತಲೆಯ ಕೋಣೆಗಳಲ್ಲಿ ಚಲಿಸುತ್ತಿರುತ್ತವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ಹಜಾರದ ಕುರ್ಚಿಯ ಮೇಲೆಯೇ ಕುಳಿತಂತೆ ತೋರುತ್ತದೆ. ಬೆಳಕು ಆರಿಸಿದರೆ ದೆವ್ವ ಮಾಯ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ವರ್ಷ ವರ್ಷವೂ ಇದನ್ನೇ ಮಾಡಿ ತೋರಿಸುತ್ತಿದ್ದೆ. ಮೇಜಿನ ಮೇಲೆ ಒಂದು ಗಾಜಿನ ಹಾಳೆಯನ್ನು ನೇರವಾಗಿ ನಿಲ್ಲಿಸಿ, ಮುಂದೆ ಉರಿಯುವ ಮೇಣದಬತ್ತಿಯನ್ನು ಮಕ್ಕಳಿಗೆ ಕಾಣದಂತೆ ಪುಸ್ತಕದ ಮರೆಯಲ್ಲಿಟ್ಟು, ಗಾಜಿನ ಹಿಂದೆ ಅಷ್ಟೇ ದೂರದಲ್ಲಿ ನೀರು ತುಂಬಿದ ಬೀಕರ್ ಇಡಬೇಕು. ಕಿಟಕಿ ಮುಚ್ಚಿದ ತರಗತಿಯಲ್ಲಿ ನೀರಿನೊಳಗೆ ದೀಪ ಉರಿಯುತ್ತದೆ. ಬೆಂಚುಗಳ ಮೇಲೆ ಹತ್ತಿ ನಿಂತ ಮಕ್ಕಳ ಬಾಯಿಂದ ಹೊರಡುತ್ತಿದ್ದ ಆ ಉದ್ಗಾರವನ್ನೇ ನಾನು ಅನಾಹೈಮ್‌ನ ಕತ್ತಲೆಯಲ್ಲಿ ಹಿಂದಿನ ಗಾಡಿಯಿಂದ ಕೇಳಿದೆ. ತಂತ್ರ ಗೊತ್ತಿದ್ದರೂ ನನ್ನ ಕಣ್ಣು ಅದನ್ನು ನಂಬಿತು ಎಂಬುದು ಅದನ್ನು ಕಟ್ಟಿದವರ ಹಿರಿಮೆ. ತಿಳಿದವರಿಗಷ್ಟೇ ಸಿಗುವ ಒಂದು ಗುರುತೂ ಅಲ್ಲಿದೆ: ಪ್ರತಿಬಿಂಬದಲ್ಲಿ ಎಡ-ಬಲ ಅದಲು ಬದಲಾಗುವುದರಿಂದ, ಪಾಶ್ಚಾತ್ಯ ಜೋಡಿನೃತ್ಯದಲ್ಲಿ ಗಂಡು ನಡೆಸಬೇಕಾದ ಹೆಜ್ಜೆಯನ್ನು ಇಲ್ಲಿ ಹೆಣ್ಣುದೆವ್ವಗಳೇ ನಡೆಸುತ್ತವೆ.

ಪ್ಯಾರಿಸ್ಸಿನ ಬಂಗಲೆಯ ಹೆಸರು ಫ್ಯಾಂಟಮ್ ಮ್ಯಾನರ್. ಉದ್ಯಾನದ ಜೊತೆಯಲ್ಲೇ 1992ರ ಏಪ್ರಿಲ್ 12ರಂದು ತೆರೆದ ಇದು ಮೂಲದ ಸ್ವಭಾವವನ್ನೇ ಬದಲಿಸಿಕೊಂಡಿದೆ. ಅನಾಹೈಮ್‌ನಲ್ಲಿ ಮನೆಯ ಹೊರಗೆ ಬಿಳಿಯ ಬಣ್ಣ, ಒಪ್ಪವಾದ ತೋಟ. ಒಳಗೆ ಏನೇ ಇದ್ದರೂ ಹೊರಗೆ ಪಾಳುಬಿದ್ದಂತೆ ಕಾಣಬಾರದು ಎಂಬುದು ವಾಲ್ಟ್ ಡಿಸ್ನಿಯವರ ಹಟವಾಗಿತ್ತು. ಪ್ಯಾರಿಸ್ಸಿನವರು ಆ ಹಟವನ್ನು ಬಿಟ್ಟರು. ಅಮೆರಿಕದ ಪಶ್ಚಿಮದ ಗಣಿ ಊರೊಂದರ ಗುಡ್ಡದ ಮೇಲೆ ಬಣ್ಣ ಉದುರಿ, ಹಲಗೆ ಸಡಿಲವಾಗಿ, ತೋಟವೆಲ್ಲ ಒಣಗಿ ನಿಂತ ಮನೆಯನ್ನು ಕಟ್ಟಿದರು. ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಹಳೆಯ ಬಂಗಲೆಗಳನ್ನು ಕಂಡವರಿಗೆ ಅದರ ಮುಂದೆ ನಿಂತಾಗ ಹೊಸದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಕಾಗುವುದಿಲ್ಲ. ಗಣಿಯಿಂದ ಬಂದ ಸಂಪತ್ತು, ಗಣಿಯ ಜೊತೆಗೇ ಹೋದ ಕಳೆ, ಎರಡೂ ಆ ಗೋಡೆಗಳಲ್ಲಿವೆ.

ಇದಕ್ಕೊಂದು ಕಥೆಯಿದೆ. ಗಣಿಯ ಒಡೆಯ ಹೆನ್ರಿ ರೇವನ್ಸ್‌ವುಡ್, ಅವನ ಮಗಳು ಮೆಲಾನಿ. ಅವಳು ಮದುವೆಯಾಗಲು ಹೊರಟ ವರರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ; ಮದುವಣಗಿತ್ತಿಯ ಉಡುಪಿನಲ್ಲೇ ಅವಳು ಆ ಮನೆಯಲ್ಲಿ ಮುದುಕಿಯಾಗಿ, ಸತ್ತ ಮೇಲೂ ಅಲ್ಲೇ ಉಳಿಯುತ್ತಾಳೆ. 2018ರ ಆರಂಭದಲ್ಲಿ ಮುಚ್ಚಿ, ಬಹಳಷ್ಟನ್ನು ಹೊಸದಾಗಿ ಮಾಡಿ, 2019ರ ಮೇ 3ರಂದು ಮತ್ತೆ ತೆರೆದರು. ನಾವು ಹೋದದ್ದು ಅದೇ ತಿಂಗಳು. ಉದ್ದವಾಗುವ ಭಾವಚಿತ್ರಗಳಲ್ಲಿ ಈಗ ಮೆಲಾನಿಯ ನಾಲ್ವರು ವರರಿದ್ದು, ಚಿತ್ರ ಕೆಳಗಿಳಿದಂತೆ ಅವರಲ್ಲಿ ಒಬ್ಬೊಬ್ಬನಿಗೂ ಕಾದಿರುವ ಮೃತ್ಯು ಬಯಲಾಗುತ್ತದೆ. ಅದೇ ಕೋಣೆಯ ಅದೇ ತಂತ್ರ ಅನಾಹೈಮ್‌ನಲ್ಲಿ ಬಿಡಿ ಚಾಟುಪದ್ಯದಂತಿದ್ದರೆ ಇಲ್ಲಿ ಕಥೆಯ ಮೊದಲ ಅಧ್ಯಾಯವಾಗಿದೆ. ನೃತ್ಯಶಾಲೆಯಲ್ಲೂ ಅತಿಥಿಗಳೆಲ್ಲ ಭೂತಗಳೇ. ಮೆಟ್ಟಿಲ ಬಳಿ ಮದುಮಗಳು ಒಬ್ಬಳೇ ನಿಂತು ಹಾಡುತ್ತಾಳೆ, ಅವಳನ್ನು ನೋಡಿ ಫ್ಯಾಂಟಮ್ ಎಂಬ ಪ್ರೇತ ನಗುತ್ತದೆ. ಮುಂದೆ ಅವಳ ಕೋಣೆಯಲ್ಲಿ ಕನ್ನಡಿಯೆದುರು ಕುಳಿತು ಅಳುವ ಆಕೃತಿಯನ್ನು ಕಂಡಾಗ ನಮ್ಮ ಮನೆಯವರು ಮಾತಿಲ್ಲದೆ ನನ್ನ ಕೈ ಹಿಡಿದುಕೊಂಡರು. ಜಾನ್ ಡೆಬ್ನಿ ವಾದ್ಯವೃಂದಕ್ಕೆ ಅಳವಡಿಸಿದ ಸಂಗೀತ ಅನಾಹೈಮ್‌ನಲ್ಲಿ ಕುಣಿದ ಅದೇ ರಾಗವನ್ನು ಇಲ್ಲಿ ಶೋಕಗೀತೆಯನ್ನಾಗಿಸಿದೆ. ಮೂರರಲ್ಲಿ ಹೃದಯಕ್ಕೆ ತಾಗುವುದು ಇದೊಂದೇ.

ಹಾಗೆಂದು ಇದನ್ನೇ ಮೇಲೆಂದು ಹೇಳಲಾರೆ. ಕಥೆ ಹೇಳಬೇಕೆಂದು ಹೊರಟ ಮೇಲೆ ಅದು ಕೇಳುವವರಿಗೆ ತಲುಪಬೇಕು. ನಿರೂಪಣೆ ಫ್ರೆಂಚ್ ಮತ್ತು ಇಂಗ್ಲಿಷ್ ಎರಡರ ನಡುವೆ ಹಂಚಿಹೋಗಿರುವುದರಿಂದ ಒಂದು ಭಾಷೆ ಮಾತ್ರ ಬಲ್ಲವರಿಗೆ ಅರ್ಧ ಕಥೆ ಜಾರಿಹೋಗುತ್ತದೆ. ಎರಡೂ ತಿಳಿಯದ ನಮ್ಮ ಕಡೆಯ ಹಿರಿಯರಿಗೆ ಬರೀ ಚಿತ್ರಗಳು ಉಳಿಯುತ್ತವೆ. ಕೊನೆಯಲ್ಲಿ ಬರುವ ಭೂತಗಳ ಗಣಿ ಊರು, ಅಲ್ಲಿನ ಸಾರಾಯಿ ಅಂಗಡಿ, ಔಷಧದಂಗಡಿ, ಬ್ಯಾಂಕಿನ ದರೋಡೆ, ಇವೆಲ್ಲ ಪ್ರತ್ಯೇಕವಾಗಿ ಚೆನ್ನಾಗಿದ್ದರೂ ಮೆಲಾನಿಯ ದುಃಖದಿಂದ ನಮ್ಮನ್ನು ದೂರಕ್ಕೆ ಎಳೆದೊಯ್ಯುತ್ತವೆ. ಗಂಡಾಂತರದಲ್ಲಿರುವ ನಾಯಕಿಯನ್ನು ಬಿಟ್ಟು ಹಾಸ್ಯಗಾರನ ದೃಶ್ಯವನ್ನು ಉದ್ದ ಮಾಡಿದ ಕಂಪನಿ ನಾಟಕದಂತೆ ಆ ಭಾಗ ನನಗೆ ತೋರಿತು. ಇನ್ನೊಂದು ವಿಷಯವನ್ನು ಹೋಗುವವರ ಹಿತಕ್ಕಾಗಿ ಹೇಳುತ್ತೇನೆ. ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆ ಇಡೀ ಉದ್ಯಾನಕ್ಕೆ ಕೊಟ್ಟದ್ದು ಐದೇ ಗಂಟೆ. ರೈಡಿನಿಂದ ಹೊರಬಿದ್ದ ಮೇಲೆ ಬೂಟ್ ಹಿಲ್ ಎಂಬ ಸ್ಮಶಾನವಿದೆ. ನದಿಯನ್ನೂ ಎದುರಿನ ಕೆಂಪು ಬಂಡೆಯ ಬೆಟ್ಟವನ್ನೂ ನೋಡುತ್ತಾ ಗೋರಿಗಳ ಮೇಲಿನ ಬರಹಗಳನ್ನು ಓದುತ್ತಾ ಕಾಲ ಕಳೆಯಬೇಕಾದ ಜಾಗ ಅದು. ಮಾರ್ಗದರ್ಶಿ ಬಸ್ಸಿನ ಹೊತ್ತು ನೆನಪಿಸಿದ್ದರಿಂದ ನಾವು ಅದನ್ನು ಓಡುತ್ತಾ ದಾಟಿದೆವು. ಪ್ಯಾಕೇಜ್ ಆರಿಸುವಾಗ ಉದ್ಯಾನದಲ್ಲಿ ಒಂದು ಪೂರ್ಣ ದಿನವಿದೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಹಾಂಗ್‌ಕಾಂಗ್‌ನಲ್ಲಿ ಭೂತವೇ ಇಲ್ಲ. ಸತ್ತವರ ಆತ್ಮಗಳನ್ನು ವಿನೋದದ ವಸ್ತುವಾಗಿಸುವುದು ಚೀನೀ ಸಂಪ್ರದಾಯಕ್ಕೆ ಒಗ್ಗದು ಎಂಬ ಎಚ್ಚರದಿಂದ, 2013ರ ಮೇ 17ರಂದು ತೆರೆದ ಮಿಸ್ಟಿಕ್ ಮ್ಯಾನರ್‌ನಲ್ಲಿ ದೆವ್ವ, ಶವಪೆಟ್ಟಿಗೆ, ಗೋರಿಗಳನ್ನೆಲ್ಲ ಕೈಬಿಟ್ಟರು. ಪಿತೃಪಕ್ಷದಲ್ಲಿ ಎಡೆಯಿಟ್ಟು ಹಿರಿಯರನ್ನು ನೆನೆಯುವ ನಮಗೆ ಈ ಎಚ್ಚರ ಬೇಗ ಅರ್ಥವಾಗುತ್ತದೆ. ಬದಲಿಗೆ ಅಲ್ಲಿರುವುದು ಲಾರ್ಡ್ ಹೆನ್ರಿ ಮಿಸ್ಟಿಕ್ ಎಂಬ ದೇಶಸಂಚಾರಿ, ಅವನು ಕೂಡಿಟ್ಟ ಪ್ರಾಚೀನ ವಸ್ತುಗಳ ಮನೆ, ಆಲ್ಬರ್ಟ್ ಎಂಬ ಅವನ ಕೋತಿ. ಬಾಲಿ ದ್ವೀಪದಿಂದ ಆಗಷ್ಟೇ ಬಂದ ಸಂಗೀತದ ಪೆಟ್ಟಿಗೆಯನ್ನು ಮುಟ್ಟಬಾರದೆಂದು ಹೇಳಿದ್ದರೂ ಕೋತಿ ಅದನ್ನು ತೆರೆಯುತ್ತದೆ. ದೇವರಾಯನದುರ್ಗದ ಮೆಟ್ಟಿಲುಗಳ ಮೇಲೆ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಕಳೆದುಕೊಂಡ ಯಾರಿಗೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆಯಿಂದ ಹೊರಟ ಮಿನುಗುವ ಧೂಳು ತಗುಲಿದ್ದೆಲ್ಲ ಜೀವ ತಳೆಯುತ್ತದೆ: ವಾದ್ಯಗಳು ತಾವೇ ನುಡಿಯುತ್ತವೆ, ಚಿತ್ರಪಟದ ಜ್ವಾಲಾಮುಖಿ ಉಕ್ಕುತ್ತದೆ, ಕವಚಗಳು ಹಾಡುತ್ತವೆ, ಚೆಲುವೆಯೊಬ್ಬಳ ಚಿತ್ರ ತಲೆತುಂಬ ಹಾವಿರುವ ಮೆಡೂಸಾ ಆಗುತ್ತದೆ.

ಕಥೆ ಹೇಳುವುದರಲ್ಲಿ ಇದು ಪ್ಯಾರಿಸ್ಸನ್ನು ಸುಲಭವಾಗಿ ಮೀರಿಸುತ್ತದೆ. ಕೋತಿ ಪೆಟ್ಟಿಗೆ ತೆರೆಯಿತು, ಮನೆಯೆಲ್ಲ ಅಲ್ಲೋಲ ಕಲ್ಲೋಲವಾಯಿತು, ಕೋತಿಯೇ ಪೆಟ್ಟಿಗೆ ಮುಚ್ಚಿತು. ಯಾವ ಭಾಷೆಯೂ ಬೇಡ. ಜೊತೆಯಲ್ಲಿದ್ದ ನನ್ನ ಅಕ್ಕನಿಗೆ ಇಂಗ್ಲಿಷ್ ಬಾರದು, ಕ್ಯಾಂಟನೀಸ್ ಅಂತೂ ಇಲ್ಲವೇ ಇಲ್ಲ. ಹೊರಗೆ ಬಂದು ಸಂಜೆಯ ಊಟದ ಹೊತ್ತಿಗೆ ತಂಡದ ಉಳಿದವರಿಗೆ ಅವಳೇ ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದಳು. ಗಾಡಿಗಳಿಗೆ ಹಳಿಯಿಲ್ಲ. ನಾಲ್ಕು ಗಾಡಿಗಳು ಒಟ್ಟಿಗೆ ಹೊರಟು, ಕೋಣೆಯೊಳಗೆ ಹೋದ ಮೇಲೆ ಬೇರೆ ಬೇರೆ ದಿಕ್ಕಿಗೆ ಸರಿದು, ಒಂದನ್ನೊಂದು ಸುತ್ತಿ, ಮತ್ತೆ ಸೇರುತ್ತವೆ. ನೆಲದಲ್ಲಿ ಗೆರೆ ಸಹ ಕಾಣದಿರುವುದರಿಂದ ಗಾಡಿ ಮುಂದೆ ಎತ್ತ ತಿರುಗೀತು ಎಂದು ಊಹಿಸಲಾಗದು. ಕೊನೆಯ ಚೀನೀ ಕೋಣೆಯಲ್ಲಿ ಸುನ್ ವುಕಾಂಗ್ ಎಂಬ ಕಪಿರಾಜನ ಆಕೃತಿ ಬಿರುಗಾಳಿ ಎಬ್ಬಿಸಿ, ಗೋಡೆಗಳು ಕಿತ್ತುಹೋಗಿ, ಎಲ್ಲ ಗಾಡಿಗಳೂ ಸುಳಿಗೆ ಸಿಕ್ಕಂತೆ ತಿರುಗುತ್ತವೆ. ಅಲ್ಲಿ ಅಕ್ಕ ಕೈ ಮುಗಿದಳು. ಆಂಜನೇಯನೆಂದೇ ಅವಳು ಭಾವಿಸಿದ್ದಳು. ಡ್ಯಾನಿ ಎಲ್ಫ್‌ಮನ್ ಅವರ ಸಂಗೀತದಲ್ಲಿ ಪೆಟ್ಟಿಗೆಯ ಒಂದೇ ಸ್ವರಮಾಲೆ ಕೋಣೆಯಿಂದ ಕೋಣೆಗೆ ವೇಷ ಬದಲಿಸುತ್ತಾ ಹೋಗುವುದನ್ನು ಕಿವಿಗೊಟ್ಟು ಕೇಳಬೇಕು. ಮೂಲ ರೈಡಿನಿಂದ ಈ ಮನೆ ನಿಜವಾಗಿ ಕಲಿತ ಪಾಠ ಇದೇ ಎಂದು ನನ್ನ ಅನಿಸಿಕೆ.

ಇಷ್ಟಾಗಿಯೂ ಒಂದು ಕೊರತೆ ನನ್ನನ್ನು ಬಿಡದೆ ಕಾಡುತ್ತದೆ. ಅಲ್ಲಿ ನಾವು ವಸ್ತುಸಂಗ್ರಹಾಲಯ ನೋಡಲು ಟಿಕೆಟ್ ಕೊಂಡು ಬಂದವರು ಮಾತ್ರ. ಆಗುವುದೆಲ್ಲ ಕೋತಿಗೆ ಆಗುತ್ತದೆ, ನಾವು ನೋಡುತ್ತೇವೆ. ಪ್ಯಾರಿಸ್ಸಿನಲ್ಲಿ ಒಬ್ಬಳ ದುರಂತಕ್ಕೆ ಸಾಕ್ಷಿಗಳಾಗಿರುತ್ತೇವೆ, ಅದೂ ನಮ್ಮದಲ್ಲ. ಅನಾಹೈಮ್‌ನಲ್ಲಾದರೋ ಆ ಮನೆಯಲ್ಲಿ 999 ದೆವ್ವಗಳಿವೆ, ಸಾವಿರ ತುಂಬಲು ಇನ್ನೊಬ್ಬರಿಗೆ ಜಾಗವಿದೆ ಎಂದು ಆರಂಭದಲ್ಲೇ ನಮ್ಮನ್ನು ಉದ್ದೇಶಿಸಿ ಹೇಳಿಬಿಡುತ್ತಾರೆ. ಕೊನೆಗೆ ಕನ್ನಡಿಗಳ ಮುಂದೆ ಗಾಡಿ ಹಾದುಹೋಗುವಾಗ ನನ್ನ ಮತ್ತು ಮೊಮ್ಮಗಳ ನಡುವೆ, ನಮ್ಮ ಗಾಡಿಯಲ್ಲೇ, ಮೂರನೆಯದೊಂದು ಕುಳಿತು ನಗುತ್ತಿತ್ತು. ಕಥೆಯೇ ಇಲ್ಲವೆಂದು ಕಾಣುವ ರೈಡಿನಲ್ಲಿ ಕಥೆ ನಮ್ಮದೇ ಆಗಿತ್ತು ಎಂದು ತಿಳಿಯುವುದು ಆಗ. ಕಥೆಯ ಸ್ಪಷ್ಟತೆಯಲ್ಲಿ ಹಾಂಗ್‌ಕಾಂಗ್, ಭಾವದಲ್ಲಿ ಪ್ಯಾರಿಸ್ ಮುಂದಿದ್ದರೂ ಮೂರರಲ್ಲಿ ಅನಾಹೈಮನ್ನೇ ನಾನು ಮೊದಲ ಸ್ಥಾನದಲ್ಲಿಡುವುದಕ್ಕೆ ಕಾರಣ ಇದು. ಟೋಕಿಯೊದಲ್ಲಿ 1983ರ ಏಪ್ರಿಲ್ 15ರಿಂದ ನಡೆಯುತ್ತಿರುವ ರೂಪ ಹೆಚ್ಚುಕಡಿಮೆ ಫ್ಲಾರಿಡದ ಪಡಿಯಚ್ಚು. ಹೊಸತನ ಬಯಸುವವರು ಅದಕ್ಕಾಗಿಯೇ ಅಷ್ಟು ದೂರ ಹೋಗಬೇಕಾಗಿಲ್ಲ.

ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ, ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಆ ನಾಟಕಗಳನ್ನು ನೋಡಿದ್ದ ನಮ್ಮ ತಂದೆ ಟ್ರಿಕ್ ಸೀನುಗಳನ್ನು ವರ್ಣಿಸುವಾಗ ಅವರ ಕಣ್ಣು ಅರಳುತ್ತಿತ್ತು. ಇಂಥ ಪರಂಪರೆಯಿರುವ ನೆಲದಲ್ಲಿ ಭೂತಬಂಗಲೆಯೆಂದರೆ ಇನ್ನೂ ಕತ್ತಲೆಯಲ್ಲಿ ಕೈ ಹಿಡಿದೆಳೆಯುವುದು ಎಂದೇ ಉಳಿದಿರುವುದು ನನಗೆ ನೋವಿನ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯಲ್ಲಿ ವೇಷಧಾರಿಯೊಬ್ಬ ನನ್ನ ತಮ್ಮನ ಮಗಳ ಜಡೆ ಹಿಡಿದು ಜಗ್ಗಿದ್ದರಿಂದ ಆ ಮಗು ಇಡೀ ವಾರ ದೀಪ ಆರಿಸಿ ಮಲಗಲಿಲ್ಲ. ಬ್ರಹ್ಮರಾಕ್ಷಸ, ಕೊಳ್ಳಿದೆವ್ವ, ಹುಣಿಸೆಮರದ ಮೋಹಿನಿ ಇವರೆಲ್ಲರಿಗೂ ಒಂದು ಮನೆ ಕಟ್ಟಿ, ಗಾಜು, ಕನ್ನಡಿ, ಬೆಳಕು ಇವಿಷ್ಟರಿಂದಲೇ ಜನರನ್ನು ಬೆರಗುಗೊಳಿಸಬಲ್ಲವರು ನಮ್ಮಲ್ಲೂ ಇದ್ದಾರೆ. ಬಾಗಿಲ ಮೇಲೆ ಏನು ಬರೆಯಬೇಕೆಂಬುದಂತೂ ಸಿದ್ಧವಾಗಿಯೇ ಇದೆ.

ಹೋಗುವವರಿಗೆ ಕೆಲವು ಮಾತು. ಆರು ವರ್ಷದೊಳಗಿನ ಮಕ್ಕಳಿದ್ದರೆ ಹಾಂಗ್‌ಕಾಂಗ್ ಸಾಕು, ಅವರು ಹೆದರುವುದಿಲ್ಲ. ಅನಾಹೈಮ್ ಮತ್ತು ಪ್ಯಾರಿಸ್‌ಗಳಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಲೇ ಗಾಡಿಗೆ ಹತ್ತಿ ಇಳಿಯಬೇಕು; ಮೊಣಕಾಲು ನೋವಿರುವವರು ಅಲ್ಲಿನ ಸಿಬ್ಬಂದಿಗೆ ಮೊದಲೇ ತಿಳಿಸಿದರೆ ವೇಗ ತಗ್ಗಿಸುತ್ತಾರೆ, ಸಂಕೋಚ ಬೇಡ. ಅನಾಹೈಮ್‌ಗೆ ಸೆಪ್ಟೆಂಬರಿನಿಂದ ವರ್ಷದ ಕೊನೆಯವರೆಗೆ ಹೋದರೆ ಒಳಗೆಲ್ಲ ಹಬ್ಬದ ಬೇರೆಯೇ ಅಲಂಕಾರವಿರುತ್ತದೆ. ಅದು 2001ರಿಂದ ನಡೆದುಬಂದಿರುವ ಪದ್ಧತಿ, ಬಹಳ ಜನಪ್ರಿಯವೂ ಹೌದು. ಆದರೆ ನಾನು ಇಲ್ಲಿ ವರ್ಣಿಸಿದ ಮೂಲ ರೂಪವನ್ನು ನೋಡಬೇಕೆನ್ನುವವರು ವಸಂತದಲ್ಲೋ ಬೇಸಿಗೆಯಲ್ಲೋ ಹೋಗಬೇಕು. ಗಾಡಿಯಿಂದ ಇಳಿದ ಮೇಲೆ ಮೇಲಕ್ಕೊಯ್ಯುವ ಪಟ್ಟಿಯ ಮೇಲೆ ಎಲ್ಲರೂ ಮೊಬೈಲ್ ತೆಗೆಯುತ್ತಾ ಹೊರಗಿನ ಬೆಳಕಿನ ಕಡೆಗೆ ಧಾವಿಸುತ್ತಾರೆ. ಅಲ್ಲಿ ತಲೆಯೆತ್ತಿ ನೋಡಿ. ಗೋಡೆಯ ಎತ್ತರದಲ್ಲಿ ಬೊಂಬೆಯಷ್ಟೇ ಗಾತ್ರದ ಒಬ್ಬ ಮದುಮಗಳು ನಿಂತಿದ್ದಾಳೆ. ಬೇಗ ಮರಳಿ ಬನ್ನಿ ಎಂದು ಸಣ್ಣ ದನಿಯಲ್ಲಿ ಎಲ್ಲರನ್ನೂ ಕರೆಯುತ್ತಿರುತ್ತಾಳೆ.